ನಮ್ಮ ವಾಚನಾಲಯದ ವೆಬ್‌ಸೈಟಿನಲ್ಲಿ 14 ‘ಇಲ್ಲಿ ಕ್ಲಿಕ್ ಮಾಡಿ’ ಉಂಟು, ಎಂತ ಮಾಡುವುದು?

ನೀರ್ಚಾಲಿನವ · ಸೋಮವಾರ ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ವಾಚನಾಲಯದ ವೆಬ್‌ಸೈಟನ್ನು ನಾಲ್ಕು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಕೆಲಸ ಗೊತ್ತಿದೆ ಅಂತಲ್ಲ, ಬೇರೆ ಯಾರೂ ಒಪ್ಪಲಿಲ್ಲ ಅಂತ. ಪುಸ್ತಕದ ಪಟ್ಟಿ, ಸದಸ್ಯತ್ವದ ಅರ್ಜಿ, ವಿದ್ಯಾರ್ಥಿವೇತನದ ಸೂಚನೆ, ತಾಳಮದ್ದಳೆ ಇದ್ದರೆ ಅದರ ಪ್ರಕಟಣೆ, ಅಷ್ಟೇ.

ಮೊನ್ನೆ ಆದಿತ್ಯವಾರ ನಮ್ಮ ಹಳೆಯ ಸದಸ್ಯರೊಬ್ಬರು ಫೋನ್ ಮಾಡಿದರು. ನಿವೃತ್ತ ಹೆಡ್‌ಮಾಷ್ಟ್ರು. ಗ್ಲಾಕೋಮಾದಿಂದ ಎರಡು ವರ್ಷದ ಹಿಂದೆ ಕಣ್ಣು ಪೂರ್ತಿ ಹೋಗಿದೆ. ಮೊಮ್ಮಗಳು ಫೋನಿನಲ್ಲಿ, ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿ ಕೊಟ್ಟಿದ್ದಾಳೆ. ಅವರಿಗೆ ಒಂದು ಪ್ರಸಂಗ ಪುಸ್ತಕ ಬೇಕಿತ್ತಂತೆ, ಮೊಮ್ಮಗಳ ಹತ್ತಿರ ಓದಿಸಲಿಕ್ಕೆ. ನಮ್ಮಲ್ಲಿ ಉಂಟೋ ಇಲ್ವೋ ಅಂತ ನೋಡಲು ಹೋದದ್ದು. ಇನ್ನೊಂದು ಫೋನನ್ನು ಸ್ಪೀಕರಿನಲ್ಲಿಟ್ಟು ನನಗೇ ಕೇಳಿಸಿದರು. ‘ಇಲ್ಲಿ ಕ್ಲಿಕ್ ಮಾಡಿ, ಲಿಂಕ್. ಇಲ್ಲಿ ಕ್ಲಿಕ್ ಮಾಡಿ, ಲಿಂಕ್. ಇಲ್ಲಿ ಕ್ಲಿಕ್ ಮಾಡಿ, ಲಿಂಕ್.’ ಆಮೇಲೆ ಕೇಳಿದರು, “ಎಲ್ಲಿ ಮಾರಾಯ?”

ನನಗೆ ಉತ್ತರ ಬರಲಿಲ್ಲ. ಕೂತು ಎಣಿಸಿದೆ. ಮುಖಪುಟ ಒಂದರಲ್ಲೇ 14.

ಈಗ ಪ್ರಶ್ನೆ. ಹದಿನಾಲ್ಕನ್ನೂ ಬದಲಿಸಬೇಕಾ, ಅಥವಾ ಹಿಂದೆ ಕೋಡಿನಲ್ಲಿ ಏನಾದರೂ ಸೇರಿಸಿದರೆ ಸಾಕಾ? ನಮ್ಮ ಅಧ್ಯಕ್ಷರು ಬೇರೆ ಅಡ್ಡ ನಿಂತಿದ್ದಾರೆ. ‘ಇಲ್ಲಿ ಕ್ಲಿಕ್ ಮಾಡಿ ಅಂತ ಇಲ್ಲದಿದ್ದರೆ ಅದು ಒತ್ತುವಂಥದ್ದು ಅಂತ ಜನರಿಗೆ ಗೊತ್ತಾಗುವುದಾದರೂ ಹೇಗೆ’ ಅಂತ ಅವರ ವಾದ. ಅದರಲ್ಲೂ ಸ್ವಲ್ಪ ಸತ್ಯ ಉಂಟು ಅನ್ನಿಸುತ್ತದೆ.

ಉಪ್ಪಳ ಎಕ್ಸ್‌ಪ್ರೆಸ್ · 8:52

14 ಅಂದರೆ ಕಡಿಮೆಯೇ ಆಯ್ತು. ನಮ್ಮ ಕ್ಲಬ್ಬಿನದ್ದರಲ್ಲಿ 30 ಇರಬಹುದು. ಇವತ್ತಿನವರೆಗೆ ಯಾರೂ ದೂರು ಹೇಳಿಲ್ಲ. ಒಬ್ಬರಿಗೋಸ್ಕರ ಇಡೀ ಸೈಟು ತಿದ್ದುತ್ತಾ ಕೂರಬೇಕಾ?

ಕಿವಿಯೋದುಗ · 9:10

ಉಪ್ಪಳದವರೇ, ದೂರು ಹೇಳಬೇಕಾದವರು ನಿಮ್ಮ ಪುಟದಲ್ಲಿ ಅರ್ಧ ನಿಮಿಷವೂ ನಿಲ್ಲಲಿಕ್ಕಿಲ್ಲ. ಅದಕ್ಕೇ ದೂರು ಬಂದಿಲ್ಲ.

ನನಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಕುಂಬಳೆಯವನು, ಈಗ ಮಂಗಳೂರಿನಲ್ಲಿ ಕೆಲಸ. ನಾವು ಪುಟವನ್ನು ಮೇಲಿನಿಂದ ಕೆಳಗೆ ಪಾರಾಯಣ ಮಾಡುತ್ತೇವೆ ಅಂತ ತುಂಬ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ನೀವು ಕಣ್ಣಾಡಿಸುವ ಹಾಗೆ ನಾವು ಬೆರಳಾಡಿಸುತ್ತೇವೆ. ನಾನು ಕಂಪ್ಯೂಟರಿನಲ್ಲಿ ಬಳಸುವುದು ಎನ್‌ವಿಡಿಎ, ಪುಕ್ಕಟೆ ಸಿಗುವ ಸ್ಕ್ರೀನ್ ರೀಡರ್, ಅಂದರೆ ಪರದೆಯನ್ನು ಓದಿ ಹೇಳುವ ತಂತ್ರಾಂಶ. ಅದರಲ್ಲಿ ಕೆ ಕೀ ಒತ್ತಿದರೆ ಒಂದು ಲಿಂಕಿನಿಂದ ಮುಂದಿನ ಲಿಂಕಿಗೆ ಹಾರಬಹುದು, ಎಚ್ ಒತ್ತಿದರೆ ತಲೆಬರಹದಿಂದ ತಲೆಬರಹಕ್ಕೆ. ಎನ್‌ವಿಡಿಎ ಕೀ ಜೊತೆ ಎಫ್ 7 ಒತ್ತಿದರೆ ಆ ಪುಟದ ಲಿಂಕುಗಳೆಲ್ಲ ಒಂದು ಪಟ್ಟಿಯಾಗಿ ಬರುತ್ತವೆ. ಪಟ್ಟಿಯಲ್ಲಿ ಸುತ್ತಲಿನ ವಾಕ್ಯ ಇರುವುದಿಲ್ಲ. ಬರೇ ಲಿಂಕಿನ ಪದಗಳು.

ಈಗ ನೀರ್ಚಾಲಿನವರ ಪುಟ ತೆರೆದೆ ಅಂತ ಇಟ್ಟುಕೊಳ್ಳಿ. ಕುಂಬಳೆ ಸ್ಟ್ಯಾಂಡಿನಲ್ಲಿ 14 ಬಸ್ಸು ನಿಂತಿದೆ, ಎಲ್ಲದರ ಬೋರ್ಡಿನಲ್ಲೂ ‘ಇದಕ್ಕೆ ಹತ್ತಿ’ ಅಂತ ಬರೆದಿದೆ. ಯಾವುದು ಬದಿಯಡ್ಕಕ್ಕೆ, ಯಾವುದು ಮಂಜೇಶ್ವರಕ್ಕೆ? ಒಂದೊಂದಕ್ಕೇ ಹತ್ತಿ ಕಂಡಕ್ಟರನ್ನು ಕೇಳಿ ಇಳಿಯಬೇಕು.

ನೀರ್ಚಾಲಿನವ · 9:14

ಬಸ್ಸಿನ ಬೋರ್ಡಿನ ಮಾತು ಅಧ್ಯಕ್ಷರಿಗೆ ಹಾಗೇ ಹೇಳುತ್ತೇನೆ.

ಬೆಂಗ್ಳೂರಲ್ಲಿ ಬದಿಯಡ್ಕ · 9:31

ಇದು ನನ್ನ ದಿನದ ಕೆಲಸ, ಹಾಗಾಗಿ ಬಾಯಿ ಹಾಕುತ್ತಿದ್ದೇನೆ. ‘ಇಲ್ಲಿ ಕ್ಲಿಕ್ ಮಾಡಿ’ ಅನ್ನುವುದು ನಿಯಮದ ಪ್ರಕಾರವೇ ತಪ್ಪು. ವೆಬ್ ಒಕ್ಕೂಟ ಡಬ್ಲ್ಯು3ಸಿಯದ್ದು, ಅಂಗವಿಕಲರಿಗೂ ವೆಬ್ ಎಟಕಬೇಕು ಅನ್ನುವ ಡಬ್ಲ್ಯುಸಿಎಜಿ ಮಾರ್ಗಸೂಚಿಯಲ್ಲಿ 2.4.4 ಅಂತ ಒಂದು ಅಂಶವೇ ಉಂಟು, ಲಿಂಕಿನ ಉದ್ದೇಶ ಗೊತ್ತಾಗಬೇಕು ಅಂತ. ಅದು ಅತಿ ಕೆಳಗಿನ ಎ ಹಂತದ್ದು, ಅಂದರೆ ಕನಿಷ್ಠ ಮರ್ಯಾದೆ.

ಪೆರ್ಲದ ಹುಡುಗಿ · 9:47

ಬದಿಯಡ್ಕ ಅಣ್ಣ, ಅರ್ಧ ಸರಿ. 2.4.4 ಅಷ್ಟು ಬಿಗಿ ಇಲ್ಲ. ಲಿಂಕಿನ ಪದ, ಅಥವಾ ಅದು ಇರುವ ವಾಕ್ಯ, ಪ್ಯಾರಾ, ಪಟ್ಟಿಯ ಸಾಲು, ಇವುಗಳಿಂದ ಉದ್ದೇಶ ತಿಳಿದರೆ ಸಾಕು ಅನ್ನುತ್ತದೆ ಅದು. ‘ಸದಸ್ಯತ್ವದ ಅರ್ಜಿ ಬೇಕಾದರೆ ಇಲ್ಲಿ ಕ್ಲಿಕ್ ಮಾಡಿ’ ಅಂತ ಒಂದೇ ವಾಕ್ಯದಲ್ಲಿದ್ದರೆ ಎ ಹಂತ ಪಾಸು. ಲಿಂಕಿನ ಪದವೊಂದರಿಂದಲೇ ಗೊತ್ತಾಗಬೇಕು ಅನ್ನುವುದು 2.4.9, ಅದು ಅತಿ ಮೇಲಿನ ಮೂರು ಎ ಹಂತ.

ಆದರೆ ಪಾಸ್ ಮಾರ್ಕು ತೆಗೆಯುವುದು ಇಲ್ಲಿ ವಿಷಯ ಅಲ್ಲ ಅಲ್ವಾ. ಪಾಸಾದ ಪುಟದಲ್ಲೂ ಹೆಡ್‌ಮಾಷ್ಟ್ರಿಗೆ ಪುಸ್ತಕ ಸಿಗಲಿಲ್ಲ.

ಬೆಂಗ್ಳೂರಲ್ಲಿ ಬದಿಯಡ್ಕ · 9:50

ಒಪ್ಪಿದೆ. ನಾನು ಅವಸರದಲ್ಲಿ ಹೇಳಿದ್ದು.

ಉಪ್ಪಳ ಎಕ್ಸ್‌ಪ್ರೆಸ್ · 9:55

ಆರಿಯಾ-ಲೇಬಲ್ ಅಂತ ಒಂದು ಉಂಟಲ್ಲ, ಅದನ್ನು ಹಿಂದೆ ಹಾಕಿಬಿಡಿ. ನೋಡುವವರಿಗೆ ‘ಇಲ್ಲಿ ಕ್ಲಿಕ್ ಮಾಡಿ’, ಕೇಳುವವರಿಗೆ ‘ಪುಸ್ತಕದ ಪಟ್ಟಿ’. ಅಧ್ಯಕ್ಷರೂ ಖುಷಿ, ಮಾಷ್ಟ್ರೂ ಖುಷಿ. ಹತ್ತು ನಿಮಿಷದ ಕೆಲಸ.

ಪೆರ್ಲದ ಹುಡುಗಿ · 10:08

ಬೇಡ ಮಾರಾಯ. ನಾನೂ ಒಂದು ಕಾಲದಲ್ಲಿ ಹಾಗೆ ಮಾಡಿ ಕೈಸುಟ್ಟುಕೊಂಡಿದ್ದೇನೆ. ಕಾಣುವುದು ಒಂದು, ಕೇಳುವುದು ಇನ್ನೊಂದು ಆದರೆ ಎಡವಟ್ಟು. ಕೈ ಅಲುಗಾಡಿಸಲು ಆಗದವರು ಮಾತಿನಲ್ಲೇ ಫೋನ್ ನಡೆಸುತ್ತಾರೆ. ಅವರು ಕಂಡದ್ದನ್ನು ಓದಿ ಹೇಳುತ್ತಾರೆ. ಹಿಂದೆ ಬೇರೆ ಹೆಸರು ಇಟ್ಟಿದ್ದರೆ ಅದು ಓಗೊಡುವುದಿಲ್ಲ. ಮತ್ತೆ ಆರು ತಿಂಗಳ ಮೇಲೆ ಲಿಂಕ್ ಬದಲಿಸುವಾಗ ಮೇಲಿನದ್ದು ಮಾತ್ರ ಬದಲಿಸಿ ಹಿಂದಿನ ಲೇಬಲ್ ಮರೆತೇ ಮರೆಯುತ್ತೀರಿ. ನಾನು ಮರೆತೆ. ‘ವರದಿ 2021’ ಅಂತ ಕೇಳಿಸುತ್ತಿತ್ತು, ತೆರೆದರೆ 2023ರದ್ದು.

ಎದುರಿಗೆ ಕಾಣುವ ಪದವನ್ನೇ ಸರಿ ಮಾಡಿ. ‘ಪುಸ್ತಕದ ಪಟ್ಟಿ ನೋಡಲು ಇಲ್ಲಿ ಕ್ಲಿಕ್ ಮಾಡಿ’ ಅನ್ನುವ ಜಾಗದಲ್ಲಿ ಬರೇ ‘ಪುಸ್ತಕದ ಪಟ್ಟಿ’. ನಾಲ್ಕು ಪದ ಉಳಿತಾಯ. ಮತ್ತೆ ಕ್ಲಿಕ್ ಅಂತ ಯಾಕೆ, ಫೋನಿನಲ್ಲಿ ಕ್ಲಿಕ್ ಮಾಡುವವರು ಯಾರಿದ್ದಾರೆ?

ಮುಳ್ಳೇರಿಯ ಮಾಷ್ಟ್ರು · 10:20

ಈ ‘ಲಿಂಕ್’ ಯಾಕೆ ಎಲ್ಲರ ಬಾಯಲ್ಲಿ? ಕೊಂಡಿ ಅನ್ನುವ ಒಳ್ಳೆಯ ಪದ ಉಂಟು. ಕನ್ನಡ ವಿಕಿಪೀಡಿಯದಲ್ಲಿ ಹಾಗೇ ಬಳಸುತ್ತಾರೆ.

ಉಪ್ಪಳ ಎಕ್ಸ್‌ಪ್ರೆಸ್ · 10:22

ಮಾಷ್ಟ್ರೆ, ಕೊಂಡಿ ಚೇಳಿನ ಬಾಲದಲ್ಲಿ ಇರುವುದು.

ಮುಳ್ಳೇರಿಯ ಮಾಷ್ಟ್ರು · 10:25

ಬಾಗಿಲಿಗೂ ಇರುತ್ತದೆ. ನಿಮ್ಮ ಬಾಯಿಗೂ ಒಂದು ಹಾಕಬೇಕು.

ಹಣ್ಣಡಿಕೆ · 10:41

ನಾನು ತೋಟದವ, ಕೋಡು ಗೀಡು ಗೊತ್ತಿಲ್ಲ. ಆದರೆ ಅಧ್ಯಕ್ಷರ ಪ್ರಶ್ನೆ ನನ್ನದೂ ಹೌದು. ಒತ್ತುವಂಥದ್ದು ಯಾವುದು ಅಂತ ನನಗೆ ಎಷ್ಟೋ ಕಡೆ ಗೊತ್ತಾಗುವುದಿಲ್ಲ.

ನನ್ನ ಕಣ್ಣು ಸ್ವಲ್ಪ ಹಾಗೆ. ಕೆಂಪು, ಹಸುರು ಬೇರೆ ಮಾಡಲಿಕ್ಕೆ ಕಷ್ಟ. ಹಣ್ಣಡಿಕೆ ಯಾವುದು ಹಸಿ ಯಾವುದು ಅಂತ ಗೊನೆ ನೋಡಿ ಹೇಳಲಿಕ್ಕೆ ಆಗದೆ ಸಣ್ಣವನಿರುವಾಗ ಅಪ್ಪನ ಹತ್ತಿರ ಬೈಸಿಕೊಂಡಿದ್ದೇನೆ. ಇಲ್ಲಿನ ಹೆಸರು ಹಾಗೆ ಇಟ್ಟುಕೊಂಡದ್ದು. ಈಗ ವೆಬ್‌ಸೈಟುಗಳಲ್ಲಿ ಚೆಂದಕ್ಕೆ ಅಂತ ಕಪ್ಪು ಅಕ್ಷರದ ನಡುವೆ ಕಡುಗೆಂಪಿನಲ್ಲಿ ಲಿಂಕ್ ಇಡುತ್ತಾರೆ, ಅಡಿಗೆರೆ ತೆಗೆದುಬಿಡುತ್ತಾರೆ. ನನಗೆ ಆ ಕೆಂಪು ಕಪ್ಪಿನ ತಮ್ಮನ ಹಾಗೆ ಕಾಣುತ್ತದೆ. ಅಡಿಕೆ ಧಾರಣೆ ನೋಡುವ ಒಂದು ಪುಟದಲ್ಲಿ ‘ನಿನ್ನೆಯ ಧಾರಣೆ’ ಒಂದು ಲಿಂಕ್ ಅಂತ ನನಗೆ ಗೊತ್ತಾದದ್ದು ಎಂಟು ತಿಂಗಳ ಮೇಲೆ, ಅದೂ ಬೆರಳು ತಪ್ಪಿ ತಾಗಿ.

ಪೆರ್ಲದ ಹುಡುಗಿ · 10:55

ಇದೇ ನೋಡಿ ಅಧ್ಯಕ್ಷರಿಗೆ ಉತ್ತರ. ಒತ್ತುವಂಥದ್ದು ಅಂತ ಹೇಳುವ ಕೆಲಸ ‘ಇಲ್ಲಿ ಕ್ಲಿಕ್ ಮಾಡಿ’ಯದ್ದಲ್ಲ, ಅಡಿಗೆರೆಯದ್ದು. ಬಣ್ಣ ಒಂದನ್ನೇ ನಂಬಬಾರದು ಅಂತ ಅದೇ ಮಾರ್ಗಸೂಚಿಯ 1.4.1. ಅಡಿಗೆರೆ ಬೇಡವೇ ಬೇಡ ಅನ್ನುವವರಿಗೂ ಒಂದು ದಾರಿ ಉಂಟು. ಲಿಂಕಿನ ಬಣ್ಣಕ್ಕೂ ಸುತ್ತಲಿನ ಅಕ್ಷರದ ಬಣ್ಣಕ್ಕೂ ನಡುವೆ ತಿಳಿ-ಗಾಢದಲ್ಲಿ ಕನಿಷ್ಠ 3:1 ವ್ಯತ್ಯಾಸ ಇರಬೇಕು, ಬೆರಳೋ ಮೌಸೋ ಕೀಲಿಯೋ ಅದರ ಮೇಲೆ ಬಂದಾಗ ಬೇರೇನಾದರೂ ಗುರುತು ಕಾಣಬೇಕು. ಜೊತೆಗೆ ಹಿನ್ನೆಲೆಯ ಎದುರು 4.5:1. ಮೂರನ್ನೂ ಹೊಂದಿಸುವಷ್ಟರಲ್ಲಿ ತಲೆ ಕೆಡುತ್ತದೆ. ಅಡಿಗೆರೆ ಹಾಕಿದರೆ ಮುಗಿಯಿತು.

ಚಂದ್ರಗಿರಿ ತೀರ · 11:02

ಹಾಗಾದರೆ ನೀಲಿಯೇ ಯಾಕೆ ಎಲ್ಲ ಕಡೆ?

ಬೆಂಗ್ಳೂರಲ್ಲಿ ಬದಿಯಡ್ಕ · 11:09

ಅಭ್ಯಾಸ. ಮೊದಲ ವೆಬ್‌ಸೈಟು 1991ರಲ್ಲಿ ಸರ್ನ್ ಪ್ರಯೋಗಾಲಯದಲ್ಲಿ ಬಂತು. 1993ರ ಮೊಸಾಯಿಕ್ ಬ್ರೌಸರಿನಲ್ಲಿ ಲಿಂಕು ನೀಲಿ. ಅದು ಜನಪ್ರಿಯ ಆಯಿತು, ಆಮೇಲಿನವರು ಅದನ್ನೇ ಹಿಡಿದುಕೊಂಡರು. ಒಮ್ಮೆ ಹೋಗಿ ಬಂದ ಲಿಂಕು ನೇರಳೆ ಆಗುವುದನ್ನೂ ದಯವಿಟ್ಟು ತೆಗೆಯಬೇಡಿ. 40 ಸುತ್ತೋಲೆ ಇರುವ ಪಟ್ಟಿಯಲ್ಲಿ ಯಾವುದನ್ನು ನೋಡಿಯಾಯಿತು ಅಂತ ಅದರಿಂದಲೇ ಗೊತ್ತಾಗುವುದು.

ಮುಳ್ಳೇರಿಯ ಮಾಷ್ಟ್ರು · ಮಂಗಳವಾರ ಬೆಳಿಗ್ಗೆ 6:15

ಅಡಿಗೆರೆ ಅಡಿಗೆರೆ ಅಂತ ಎಲ್ಲರೂ ಹೇಳುತ್ತಿದ್ದೀರಿ, ಕನ್ನಡದಲ್ಲಿ ಅಡಿಗೆರೆ ಹಾಕಿ ಓದಿದ್ದೀರಾ? ಒತ್ತಕ್ಷರದ ಕುತ್ತಿಗೆ ಕೊಯ್ಯುತ್ತದೆ ಅದು. ‘ಇಲ್ಲಿ ಒತ್ತಿ’ ಅಂತಲೇ ಬರೆದು ಗೆರೆ ಎಳೆಯಿರಿ. ಲ ಒತ್ತು, ತ ಒತ್ತು ಎರಡೂ ಗೆರೆಯಲ್ಲಿ ಮುಳುಗಿ ‘ಇಲಿ ಒತಿ’ ಆಗುತ್ತದೆ. ಇಂಗ್ಲಿಷಿನವರಿಗೆ ಜಿ, ಪಿ, ವೈಯಂಥ ಕೆಲವು ಬಿಟ್ಟರೆ ಅಕ್ಷರದ ಕೆಳಗೆ ಮನೆ ಇಲ್ಲ. ನಮಗೆ ಕೆಳಗಿನ ಅಂತಸ್ತೂ ಉಂಟು.

ಪೆರ್ಲದ ಹುಡುಗಿ · 7:40

ಮಾಷ್ಟ್ರೆ, ನೂರಕ್ಕೆ ನೂರು. ಈಗಿನ ಬ್ರೌಸರುಗಳು ಸ್ವಲ್ಪ ಬುದ್ಧಿವಂತ. ಅಕ್ಷರದ ಭಾಗ ಗೆರೆಗೆ ಅಡ್ಡ ಬಂದಲ್ಲಿ ಗೆರೆಯನ್ನೇ ತುಂಡು ಮಾಡಿ ಬಿಡುತ್ತವೆ. ಆದರೆ ‘ವಿದ್ಯಾರ್ಥಿವೇತನದ ಪಟ್ಟಿ’ಯಂಥ ಒತ್ತು ಜಾಸ್ತಿ ಇರುವ ಪದಗಳಲ್ಲಿ ಗೆರೆ ಅಲ್ಲಲ್ಲಿ ಮುರಿದ ಬೇಲಿಯ ಹಾಗೆ ಆಗುತ್ತದೆ.

ನಾನು ಮಾಡುವುದು ಹೀಗೆ. ಪುಟದ ರೂಪ ಹೇಗಿರಬೇಕು ಅಂತ ಹೇಳುವ ಸಿಎಸ್‌ಎಸ್‌ನಲ್ಲಿ ಟೆಕ್ಸ್ಟ್-ಅಂಡರ್‌ಲೈನ್-ಆಫ್‌ಸೆಟ್ ಅಂತ ಉಂಟು, ಅದರಿಂದ ಗೆರೆಯನ್ನು ಕೆಳಗೆ ಇಳಿಸಬಹುದು. 0.35 ಎಮ್‌ನಿಂದ (ಎಮ್ ಅಂದರೆ ಅಕ್ಷರದ ಗಾತ್ರದಷ್ಟು ಅಳತೆ) ಶುರು ಮಾಡಿ, ನಿಮ್ಮ ಫಾಂಟಿನಲ್ಲಿ ಕಣ್ಣಿಗೆ ಸರಿ ಕಾಣುವವರೆಗೆ ಇಳಿಸಿ. ಗೆರೆ ತೆಳ್ಳಗಿರಲಿ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ, ಸಾಲಿನ ಎತ್ತರ ಅಕ್ಷರದ ಗಾತ್ರದ 1.8ರಷ್ಟು. ಇಲ್ಲದಿದ್ದರೆ ಇಳಿಸಿದ ಗೆರೆ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಒತ್ತು ಪೂರ್ತಿ ಪಾರಾಗುವುದಿಲ್ಲ, ಆದರೆ ಓದಬಹುದು.

ಮುಳ್ಳೇರಿಯ ಮಾಷ್ಟ್ರು · 7:58

ಇನ್ನೊಂದು. ‘ಕಾಸರಗೋಡಿನಲ್ಲಿ’ ಅನ್ನುವ ಪದದಲ್ಲಿ ‘ಕಾಸರಗೋಡಿ’ ಅಷ್ಟಕ್ಕೆ ನೀಲಿ, ‘ನಲ್ಲಿ’ ಕಪ್ಪು. ಇದನ್ನು ಎಷ್ಟೋ ಕಡೆ ನೋಡಿದ್ದೇನೆ. ಏನದು ‘ಕಾಸರಗೋಡಿ’? ಯಾವ ಊರು?

ಬೆಂಗ್ಳೂರಲ್ಲಿ ಬದಿಯಡ್ಕ · 8:30

ಅದು ಇಂಗ್ಲಿಷ್ ರೂಢಿಯಿಂದ ಬಂದದ್ದು ಮಾಷ್ಟ್ರೆ. ಅಲ್ಲಿ ಊರಿನ ಹೆಸರು ಬೇರೆ, ವಿಭಕ್ತಿ ಬೇರೆ ಪದ. ನಮ್ಮಲ್ಲಿ ಅಂಟಿಕೊಂಡಿರುತ್ತದೆ. ಪೂರ್ತಿ ಪದಕ್ಕೆ ಲಿಂಕ್ ಹಾಕುವುದೇ ಸರಿ, ಪ್ರತ್ಯಯ ಸೇರಿಸಿ. ವಿಕಿಪೀಡಿಯದಲ್ಲಿ ನಡುವೆ ಒಂದು ನೆಟ್ಟಗೆರೆ (|) ಹಾಕಿ ‘ಕಾಸರಗೋಡು’ ಪುಟಕ್ಕೆ ‘ಕಾಸರಗೋಡಿನಲ್ಲಿ’ ಅಂತ ತೋರಿಸಬಹುದು. ಅಕ್ಷರದ ಮಧ್ಯದಲ್ಲೇ ತುಂಡು ಮಾಡಿದರೆ ಇನ್ನೂ ಕಷ್ಟ. ಗುಣಿತದ ಚಿಹ್ನೆ ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಆಗಿ, ಕೆಲವು ಸಲ ಚುಕ್ಕೆಚುಕ್ಕೆ ವೃತ್ತ ಬಂದು ಕೂರುತ್ತದೆ.

ಇದಕ್ಕಿಂತ ಚೆನ್ನಾಗಿ, ಸಾಧ್ಯ ಇರುವಲ್ಲಿ ಹೆಸರನ್ನು ಒಂಟಿಯಾಗಿ ನಿಲ್ಲಿಸಿ. ‘2023–24ರ ವಾರ್ಷಿಕ ವರದಿಯನ್ನು ಓದಲು’ ಅಂತ ಎಳೆಯುವ ಬದಲು ‘ವಾರ್ಷಿಕ ವರದಿ 2023–24’.

ಕಿವಿಯೋದುಗ · 8:44

ಮುಖ್ಯ ಪದ ಮೊದಲು ಬರಲಿ, ಇದು ನನ್ನ ಕಡೆಯಿಂದಲೂ ವಿನಂತಿ. ಲಿಂಕಿನ ಪಟ್ಟಿಯಲ್ಲಿ ಮೊದಲ ಅಕ್ಷರ ಒತ್ತಿ ಹುಡುಕಬಹುದು. ಎಲ್ಲವೂ ‘ಇಲ್ಲಿ’ ಅಂತಲೋ ‘ನಮ್ಮ’ ಅಂತಲೋ ಶುರುವಾದರೆ ಆ ಸೌಕರ್ಯ ಹೋಯಿತು. ನಾವು ಪೂರ್ತಿ ಕೇಳುವ ತಾಳ್ಮೆಯವರೂ ಅಲ್ಲ. ಎರಡು ಪದ ಕೇಳಿ ಮುಂದಕ್ಕೆ ಹಾರುತ್ತೇವೆ.

ಸುದ್ದಿ ಪುಟಗಳ ‘ಇನ್ನಷ್ಟು ಓದಿ’ ಕೂಡ ಇದೇ ಜಾತಿ. ತಲೆಬರಹವನ್ನೇ ಲಿಂಕ್ ಮಾಡಿದರೆ ಆಯಿತು. ಚಿತ್ರವನ್ನು ಬೇರೆ, ತಲೆಬರಹವನ್ನು ಬೇರೆ, ‘ಇನ್ನಷ್ಟು ಓದಿ’ಯನ್ನು ಬೇರೆ ಅಂತ ಒಂದೇ ಸುದ್ದಿಗೆ ಮೂರು ಲಿಂಕ್ ಕೊಡುತ್ತಾರೆ. ನನಗೆ ಮೂರು ಸಲ ಅದೇ ಬಾಗಿಲು.

ಇನ್ನು ಚಿತ್ರಕ್ಕೆ ಲಿಂಕ್ ಕೊಟ್ಟು ಅದರ ವಿವರ ಬರೆಯದಿದ್ದರೆ ಎಂತ ಕೇಳಿಸುತ್ತದೆ ಗೊತ್ತಾ? ‘ಐಎಂಜಿ ಡ್ಯಾಶ್ ಎರಡು ಸೊನ್ನೆ ಎರಡು ಮೂರು ಡ್ಯಾಶ್ ಡಬ್ಲ್ಯುಎ ಸೊನ್ನೆ ಸೊನ್ನೆ’. ಒಂದು ದೇವಸ್ಥಾನದ ಪುಟದಲ್ಲಿ ಸೇವೆಯ ವಿವರಕ್ಕೆ ಇದನ್ನು ಪೂರ್ತಿ ಕೇಳಿದೆ. ವಾಟ್ಸಾಪಿನಿಂದ ಇಳಿಸಿದ ಪಟ ಅಂತ ಮಾತ್ರ ಗೊತ್ತಾಯಿತು.

ಉಪ್ಪಳ ಎಕ್ಸ್‌ಪ್ರೆಸ್ · 9:03

😂 ಸರಿ, ಅದು ನಮ್ಮ ಕ್ಲಬ್ಬಿನ ಸೈಟಿನಲ್ಲೂ ಇರಬಹುದು. ನೋಡುತ್ತೇನೆ.

ಆದರೆ ಒಂದು ಕೇಳುತ್ತೇನೆ, ಪೂರ್ತಿ ವಿಳಾಸವನ್ನೇ ಹಾಕಿದರೆ? ಎಲ್ಲಿಗೆ ಹೋಗುತ್ತದೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ಕಿವಿಯೋದುಗ · 9:11

ಎಚ್ ಟಿ ಟಿ ಪಿ ಎಸ್ ಕೋಲನ್ ಸ್ಲ್ಯಾಶ್ ಸ್ಲ್ಯಾಶ್. ಮುಂದೆ ಹೇಳಬೇಕಾ?

ಬೆಂಗ್ಳೂರಲ್ಲಿ ಬದಿಯಡ್ಕ · 9:26

ವಿಳಾಸದಲ್ಲಿ ಕನ್ನಡ ಇದ್ದರೆ ಕಥೆಯೇ ಬೇರೆ. ಬ್ರೌಸರಿನ ಪಟ್ಟಿಯಲ್ಲಿ ಚೆಂದಕ್ಕೆ ಕನ್ನಡ ಕಾಣುತ್ತದೆ, ನಕಲು ಮಾಡಿ ವಾಟ್ಸಾಪಿಗೆ ಅಂಟಿಸಿದರೆ ಎಷ್ಟೋ ಸಲ ಶೇಕಡಾ ಗುರುತು, ಇ, ಸೊನ್ನೆ, ಇನ್ನೊಂದು ಶೇಕಡಾ, ಬಿ, ಎರಡು ಅಂತ ರಾಶಿ ಬರುತ್ತದೆ. ಕಂಪ್ಯೂಟರು ಅಕ್ಷರ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತ ಚಿಹ್ನೆ ಮೂರು ಬೈಟ್. ಒಂದು ಬೈಟಿಗೆ ಮೂರು ಗುರುತು, ಅಲ್ಲಿಗೆ ಒಂಬತ್ತು. ‘ಕಾಸರಗೋಡು’ ಬಿಡಿಸಿದರೆ ಐದು ಅಕ್ಷರ, ಮೂರು ಚಿಹ್ನೆ, ಒಟ್ಟು ಎಂಟು. ಎಂಟೊಂಬತ್ತಲ 72. ನಮ್ಮ ಐದಕ್ಷರದ ಊರು 72 ಗುರುತಿನ ಸಾಲಾಗುತ್ತದೆ.

ತಲಪಾಡಿ ಗೇಟು · 9:40

1956ರಲ್ಲೇ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ನಮ್ಮನ್ನು ತುಂಡು ಮಾಡಿಯಾಗಿದೆ, ಈಗ ಇಂಟರ್‌ನೆಟ್ಟೂ ಮಾಡಲಿ. ಮಹಾಜನ ವರದಿಯಲ್ಲಿ ಚಂದ್ರಗಿರಿಯ ಉತ್ತರಕ್ಕೆ ಇರುವುದೆಲ್ಲ...

ನಿರ್ವಾಹಕ · 9:44

ತಲಪಾಡಿಯವರೇ, ಅದಕ್ಕೆ ಬೇರೆ ಚರ್ಚೆ ಉಂಟು, 600 ಉತ್ತರ ದಾಟಿದೆ. ಅಲ್ಲಿಗೆ ಬನ್ನಿ.

ಚಂದ್ರಗಿರಿ ತೀರ · 10:30

ಗಡಿಯ ವಿಷಯ ಬೇಡ ಅಂದರೂ ಅದರ ಒಂದು ತುಂಡು ಇಲ್ಲಿಗೇ ಸೇರಿದ್ದು. ನಾನು ಕೇರಳ ಸರ್ಕಾರದ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲಿ ಕೂತು ಜನರಿಗೆ ಅರ್ಜಿ ಹಾಕಿ ಕೊಡುವವ. ಕನ್ನಡದ ಪುಟ, ಕನ್ನಡದ ಲಿಂಕ್, ‘ವಿದ್ಯಾರ್ಥಿವೇತನದ ಆದೇಶ’ ಅಂತ ಚೆಂದ ಬರೆದಿರುತ್ತಾರೆ. ಒತ್ತಿದರೆ ಮಲಯಾಳದ ಪಿಡಿಎಫ್ ಇಳಿಯುತ್ತದೆ. ಮಲಯಾಳ ಓದಲು ಬಾರದ ಅಮ್ಮಂದಿರು ‘ಅಣ್ಣ, ನನ್ನ ಫೋನ್ ಹಾಳಾಗಿದೆಯಾ’ ಅಂತ ಕೇಳಿಕೊಂಡು ಬರುತ್ತಾರೆ. ಕಳೆದ ಜೂನಿನಲ್ಲಿ ಒಬ್ಬರು ಎರಡು ಸಲ ಇಳಿಸಿ, ಆ ದಿನದ ಡೇಟಾ ಮುಗಿಸಿಕೊಂಡು, ಮಳೆಯಲ್ಲಿ ನೆನೆದುಕೊಂಡು ಬಂದರು. 18 ಎಂಬಿ ಇತ್ತು ಆ ಫೈಲು. ಸ್ಕ್ಯಾನ್ ಮಾಡಿದ್ದು, ಅದೂ ಓರೆ.

ಆದೇಶ ಮಲಯಾಳದಲ್ಲೇ ಇದ್ದರೆ ವಾಚನಾಲಯದವರು ಎಂತ ಮಾಡುವುದಕ್ಕೂ ಆಗುವುದಿಲ್ಲ. ಆದರೆ ಲಿಂಕಿನಲ್ಲೇ ಹೇಳಬಹುದಲ್ಲ. ‘ವಿದ್ಯಾರ್ಥಿವೇತನದ ಆದೇಶ (ಮಲಯಾಳ, ಪಿಡಿಎಫ್, 18 ಎಂಬಿ)’. ಗೊತ್ತಿದ್ದರೆ ಆ ಅಮ್ಮ ಮನೆಯಲ್ಲಿ ಇಳಿಸದೆ ಸೀದಾ ನನ್ನಲ್ಲಿಗೆ ಬರುತ್ತಿದ್ದರು.

ಕಿವಿಯೋದುಗ · 10:38

ಇದು ಬಹಳ ಮುಖ್ಯ. ಆವರಣದೊಳಗೆ ಬರೆದದ್ದನ್ನು ಲಿಂಕಿನ ಒಳಗೇ ಸೇರಿಸಿ, ಹೊರಗೆ ಬಿಡಬೇಡಿ. ಹೊರಗಿದ್ದರೆ ನನಗೆ ಲಿಂಕಿನ ಪಟ್ಟಿಯಲ್ಲಿ ಕೇಳಿಸುವುದಿಲ್ಲ.

ಸ್ಕ್ಯಾನ್ ಪಿಡಿಎಫ್ ಅಂದರೆ ನಮಗೆ ಬರೇ ಫೋಟೋ. ತೆರೆದರೆ ಮೌನ. ಹಾಗೆಯೇ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸದೆ ಹಾಕಿದರೆ ನಿಮ್ಮ ಕಣ್ಣಿಗೆ ಕನ್ನಡ, ನನ್ನ ಕಿವಿಗೆ ಇಂಗ್ಲಿಷ್ ಅಕ್ಷರಗಳ ಕಾಗೆ ಗಲಾಟೆ.

ಪೆರ್ಲದ ಹುಡುಗಿ · 10:52

ಮಲಯಾಳ ಪದವನ್ನೇ ಲಿಂಕಿನಲ್ಲಿ ಬರೆಯುವುದಾದರೆ ಆ ತುಂಡಿಗೆ ಕೋಡಿನಲ್ಲಿ ಭಾಷೆ ಹೇಳುವ ಲ್ಯಾಂಗ್ ಗುರುತು ಹಾಕಿ, ಎಂಎಲ್ ಅಂತ. ಆಗ ಸ್ಕ್ರೀನ್ ರೀಡರಿನಲ್ಲಿ ಮಲಯಾಳ ಧ್ವನಿ ಇದ್ದರೆ ಅಷ್ಟಕ್ಕೆ ಅದು ಬದಲಾಗುತ್ತದೆ. ಎಚ್‌ರೆಫ್‌ಲ್ಯಾಂಗ್ ಅಂತ ಇನ್ನೊಂದು ಉಂಟು, ಹೋಗುವ ಪುಟದ ಭಾಷೆ ಯಾವುದು ಅಂತ ಹೇಳುವುದು. ಹಾಕಿ, ತಪ್ಪಲ್ಲ, ಆದರೆ ಅದನ್ನು ಬ್ರೌಸರು ಓದುಗರಿಗೆ ತೋರಿಸುವುದಿಲ್ಲ. ಮಾತಿನಲ್ಲಿ ಬರೆಯಲೇಬೇಕು.

ಹಣ್ಣಡಿಕೆ · 12:15

ಲಿಂಕ್ ಒತ್ತಿದರೆ ಹೊಸ ಕಿಟಕಿ ತೆರೆಯುವುದು ಒಳ್ಳೆಯದಾ ಕೆಟ್ಟದ್ದಾ? ನನ್ನ ಫೋನಿನಲ್ಲಿ 43 ಕಿಟಕಿ ತೆರೆದಿದೆ ಅಂತ ಮಗ ಬೈದ.

ಉಪ್ಪಳ ಎಕ್ಸ್‌ಪ್ರೆಸ್ · 12:20

ಹೊಸ ಟ್ಯಾಬೇ ಬೇಕು. ಇಲ್ಲದಿದ್ದರೆ ಜನ ನಮ್ಮ ಸೈಟು ಬಿಟ್ಟು ಹೋಗುತ್ತಾರೆ, ವಾಪಸ್ ಬರುವುದಿಲ್ಲ.

ಬೆಂಗ್ಳೂರಲ್ಲಿ ಬದಿಯಡ್ಕ · 12:33

ಹೋಗಬೇಕಾದವರು ಹೋಗಲಿ ಮಾರಾಯ, ಕಟ್ಟಿ ಹಾಕಲಿಕ್ಕೆ ದನವಾ? ಹೊಸ ಟ್ಯಾಬಿನಲ್ಲಿ ಹಿಂದಕ್ಕೆ ಹೋಗುವ ಗುಂಡಿ ಎಷ್ಟೋ ಸಲ ಕೆಲಸ ಮಾಡುವುದಿಲ್ಲ. ಕಣ್ಣಿದ್ದವರೂ ಗಲಿಬಿಲಿ ಆಗುತ್ತಾರೆ. ಬೇಕಾದವರು ಒತ್ತಿ ಹಿಡಿದು ತಾವೇ ಹೊಸ ಟ್ಯಾಬಿನಲ್ಲಿ ತೆರೆಯಬಹುದು. ಬೇಡದವರಿಗೆ ಮುಚ್ಚುವ ಶಿಕ್ಷೆ ಯಾಕೆ?

ಪೆರ್ಲದ ಹುಡುಗಿ · 12:41

ಒಂದು ವಿನಾಯಿತಿ. ಉದ್ದದ ಅರ್ಜಿ ತುಂಬುತ್ತಿರುವಾಗ ನಡುವೆ ‘ಯಾವ ದಾಖಲೆ ಬೇಕು’ ಅಂತ ಲಿಂಕ್ ಇದ್ದರೆ ಹೊಸ ಟ್ಯಾಬೇ ಒಳ್ಳೆಯದು, ಇಲ್ಲದಿದ್ದರೆ ತುಂಬಿದ್ದೆಲ್ಲ ಹೋದೀತು. ಆಗಲೂ ‘ಹೊಸ ಟ್ಯಾಬಿನಲ್ಲಿ ತೆರೆಯುತ್ತದೆ’ ಅಂತ ಲಿಂಕಿನಲ್ಲೇ ಹೇಳಿ.

ಚಂದ್ರಗಿರಿ ತೀರ · 12:50

ಅರ್ಜಿ ತುಂಬಿದ್ದು ಹೋಗುವ ಸಂಕಟ ನನ್ನನ್ನು ಕೇಳಿ. ಒಂದು ದಿನ ಮಧ್ಯಾಹ್ನ ಮೂರು ಸಲ. ಊಟಕ್ಕೆ ಸಂಜೆ ನಾಲ್ಕೂವರೆ.

ತಲಪಾಡಿ ಗೇಟು · 2:05

ಲಿಂಕ್ ಅಂದರೆ ನನಗೆ ಈಗ ಹೆದರಿಕೆ. ನೆರೆಮನೆಯವರಿಗೆ ವಾಟ್ಸಾಪಿನಲ್ಲಿ ‘ನಿಮ್ಮ ಗಾಡಿಗೆ ದಂಡ ಬಿದ್ದಿದೆ, ಇಲ್ಲಿ ಕ್ಲಿಕ್ ಮಾಡಿ’ ಅಂತ ಬಂತು. ಒತ್ತಿದರು. ಏನೋ ಒಂದು ಆ್ಯಪ್ ಇಳಿಯಿತು. ಮರುದಿನ ಖಾತೆಯಲ್ಲಿ ಇದ್ದದ್ದು ಹೋಗಿತ್ತು. ದೂರು ಕೊಟ್ಟಿದ್ದಾರೆ, ಹಣ ಬಂದಿಲ್ಲ. ಈಗ ವಾಚನಾಲಯದ ಲಿಂಕ್ ಕಳಿಸಿದರೂ ಆ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ.

ನೀರ್ಚಾಲಿನವ · 2:30

ಇದನ್ನು ನಾನು ಯೋಚಿಸಿರಲೇ ಇಲ್ಲ. ‘ಇಲ್ಲಿ ಕ್ಲಿಕ್ ಮಾಡಿ’ ಅನ್ನುವುದು ಕಳ್ಳರ ಭಾಷೆಯೂ ಹೌದಲ್ಲ.

ಬೆಂಗ್ಳೂರಲ್ಲಿ ಬದಿಯಡ್ಕ · 2:44

ಅದಕ್ಕೇ ಲಿಂಕಿನ ಪದ ಮತ್ತು ಅದು ಹೋಗುವ ಪುಟದ ತಲೆಬರಹ ಒಂದೇ ಇರಬೇಕು. ‘ಸದಸ್ಯತ್ವದ ಅರ್ಜಿ’ ಅಂತ ಒತ್ತಿದರೆ ತೆರೆಯುವ ಪುಟದ ಮೇಲೂ ‘ಸದಸ್ಯತ್ವದ ಅರ್ಜಿ’ ಅಂತಲೇ ಇರಲಿ. ಸರಿಯಾದ ಮನೆಗೆ ಬಂದೆ ಅಂತ ಧೈರ್ಯ ಬರುತ್ತದೆ. ಹೊರಗಿನ ಸೈಟಾದರೆ ಅದರ ಹೆಸರನ್ನೂ ಹೇಳಿ. ವಿಳಾಸ ಗಿಡ್ಡ ಮಾಡುವ ಸೇವೆಗಳನ್ನು ಬಳಸಬೇಡಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದ ಹಾಗೆ ಅದು.

ನೆರೆಮನೆಯವರಿಗೆ ಹೇಳಿ, ಬ್ರೌಸರಿನಲ್ಲಿ ಲಿಂಕನ್ನು ಒತ್ತಿ ಹಿಡಿದರೆ ನಿಜವಾದ ವಿಳಾಸ ಕಾಣುತ್ತದೆ. ತೆರೆಯುವ ಮೊದಲು ಓದಲಿ.

ಉಪ್ಪಳ ಎಕ್ಸ್‌ಪ್ರೆಸ್ · 3:10

ಕಾನೂನು ಎಂತ ಹೇಳುತ್ತದೆ? ವಾಚನಾಲಯದವರನ್ನು ಯಾರಾದರೂ ಕೋರ್ಟಿಗೆ ಎಳೆಯುತ್ತಾರಾ? ಸುಮ್ನೆ ಕೇಳಿದ್ದು.

ಬೆಂಗ್ಳೂರಲ್ಲಿ ಬದಿಯಡ್ಕ · 3:29

ಸರ್ಕಾರಿ ಸೈಟುಗಳಿಗೆ ಜಿಐಜಿಡಬ್ಲ್ಯು ಅಂತ ಮಾರ್ಗಸೂಚಿ 2009ರಿಂದ ಉಂಟು, ಮೂರನೇ ಆವೃತ್ತಿ 2023ರಲ್ಲಿ ಬಂತು. ಅದು ನಿಂತಿರುವುದು ಮೇಲೆ ಹೇಳಿದ ಡಬ್ಲ್ಯುಸಿಎಜಿಯ ಮೇಲೆಯೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಮಾಹಿತಿ ತಂತ್ರಜ್ಞಾನದ ಬಗ್ಗೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಎಲ್ಲರಿಗೂ ದಕ್ಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಒಳಗೇ ಬರುತ್ತದೆ ಅಂತ ಹೇಳಿದೆ. ನೀರ್ಚಾಲಿನವರನ್ನು ಪೊಲೀಸರು ಹುಡುಕಿಕೊಂಡು ಬರಲಿಕ್ಕಿಲ್ಲ, ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಗೊತ್ತಿರಲಿ.

ಹಣ್ಣಡಿಕೆ · 3:36

ನನಗೆ ಇನ್ನೊಂದು ಕಷ್ಟ. ತೋಟದಲ್ಲಿ ಕೆಲಸ ಮಾಡಿದ ಬೆರಳು ದಪ್ಪ. ಕೆಳಗೆ 1 2 3 4 ಅಂತ ಪುಟದ ನಂಬ್ರ ಇರುತ್ತದಲ್ಲ, ಮೂರು ಒತ್ತಿದರೆ ನಾಲ್ಕು ತೆರೆಯುತ್ತದೆ.

ಪೆರ್ಲದ ಹುಡುಗಿ · 3:50

ಅದಕ್ಕೂ ಅಳತೆ ಉಂಟು ಅಣ್ಣ. 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯುಸಿಎಜಿ 2.2ರಲ್ಲಿ, ಒತ್ತುವ ಜಾಗ ಕನಿಷ್ಠ 24ಕ್ಕೆ 24 ಸಿಎಸ್‌ಎಸ್ ಪಿಕ್ಸೆಲ್ ಇರಬೇಕು, ಅಥವಾ ಅಕ್ಕಪಕ್ಕ ಸಾಕಷ್ಟು ಜಾಗ ಬಿಡಬೇಕು. ವಾಕ್ಯದ ನಡುವಿನ ಲಿಂಕಿಗೆ ವಿನಾಯಿತಿ. ನಾನು ಇನ್ನೂ ದೊಡ್ಡದೇ ಇಡುತ್ತೇನೆ, 24 ನನ್ನ ಬೆರಳಿಗೇ ಸಾಲುವುದಿಲ್ಲ.

ನೀರ್ಚಾಲಿನವ · ಶುಕ್ರವಾರ ರಾತ್ರಿ 9:20

ಮೂರು ದಿನ ರಾತ್ರಿ ಕೂತು ಮಾಡಿದೆ. ಕರೆಂಟ್ ಹೋದದ್ದರಿಂದ ನಿನ್ನೆ ಅರ್ಧ.

ಹದಿನಾಲ್ಕು ‘ಇಲ್ಲಿ ಕ್ಲಿಕ್ ಮಾಡಿ’ ತೆಗೆದಾಗ ಒಂದು ತಮಾಷೆ ಗೊತ್ತಾಯಿತು. ಎರಡು ಲಿಂಕು ಒಂದೇ ಕಡೆ ಹೋಗುತ್ತಿದ್ದವು. ಮೂರು ಸತ್ತೇ ಹೋಗಿದ್ದವು, ಅದರಲ್ಲೊಂದು ಯಾವಾಗ ಸತ್ತಿತೋ ದೇವರಿಗೇ ಗೊತ್ತು. ಹೆಸರು ಇಡಲು ಹೊರಟಾಗ ‘ಇದು ಎಲ್ಲಿಗೆ’ ಅಂತ ಒತ್ತಿ ನೋಡಲೇಬೇಕಾಯಿತಲ್ಲ, ಆಗ ಸಿಕ್ಕಿದ್ದು. ಕೊನೆಗೆ ಹತ್ತು ಉಳಿಯಿತು. ‘ಪುಸ್ತಕದ ಪಟ್ಟಿ’, ‘ಸದಸ್ಯತ್ವದ ಅರ್ಜಿ (ಪಿಡಿಎಫ್, 200 ಕೆಬಿ)’, ‘ತಾಳಮದ್ದಳೆ: ಮುಂದಿನ ಕಾರ್ಯಕ್ರಮ’, ಹೀಗೆ. ಅಡಿಗೆರೆ ಇಳಿಸಿದೆ. ಒತ್ತಕ್ಷರ ಉಸಿರಾಡುತ್ತಿದೆ.

ಅಧ್ಯಕ್ಷರಿಗೆ ಬಸ್ಸಿನ ಬೋರ್ಡಿನ ಮಾತು ಹೇಳಿದೆ. ನಕ್ಕರು, ಆದರೆ ಒಪ್ಪಲಿಲ್ಲ. ಆಮೇಲೆ ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿ ಪರದೆ ಕಪ್ಪು ಮಾಡಿ ಕೈಗೆ ಕೊಟ್ಟೆ, ಹಳೆಯ ಪುಟ. ಎರಡು ನಿಮಿಷ ತಡಕಾಡಿದರು. ‘ಆಯ್ತು, ತೆಗೆ’ ಅಂದರು. ಪುಟವನ್ನೋ ಫೋನನ್ನೋ ಗೊತ್ತಿಲ್ಲ, ನಾನು ‘ಇಲ್ಲಿ ಕ್ಲಿಕ್ ಮಾಡಿ’ ಅಂತ ಅರ್ಥ ಮಾಡಿಕೊಂಡೆ.

ಕಿವಿಯೋದುಗ · 9:41

ಈಗ ನೋಡಿದೆ. ಪುಸ್ತಕದ ಪಟ್ಟಿ ಎರಡನೇ ಒತ್ತಿಗೆ ಸಿಕ್ಕಿತು. ಮೇಲ್ಗಡೆ ‘ಮುಖ್ಯ ವಿಷಯಕ್ಕೆ ಹೋಗಿ’ ಅಂತ ಒಂದು ಲಿಂಕ್ ಸೇರಿಸಿದರೆ ಪ್ರತಿ ಪುಟದಲ್ಲೂ ಮೆನು ಕೇಳುವುದು ತಪ್ಪುತ್ತದೆ. ಅವಸರ ಇಲ್ಲ.

ಹಣ್ಣಡಿಕೆ · 9:50

ನನಗೂ ಹತ್ತೂ ಕಂಡಿತು.

ಉಪ್ಪಳ ಎಕ್ಸ್‌ಪ್ರೆಸ್ · 9:58

ನಮ್ಮದು ಎಣಿಸಿದೆ. 37. ಯಾರಾದರೂ ಕೈಜೋಡಿಸುತ್ತೀರಾ? ಚಾ, ಗೋಳಿಬಜೆ ನನ್ನ ಲೆಕ್ಕ.

ಪೆರ್ಲದ ಹುಡುಗಿ · 10:02

ಹೆಡ್‌ಮಾಷ್ಟ್ರು ಎಂತ ಹೇಳಿದರು? ಅದು ಹೇಳಲೇ ಇಲ್ಲ.

ನೀರ್ಚಾಲಿನವ · 10:10

ಸಂಜೆ ಫೋನ್ ಮಾಡಿದ್ದರು. ಅವರೇ ಪಟ್ಟಿ ತೆರೆದು, ಪ್ರಸಂಗ ಪುಸ್ತಕಗಳ ಭಾಗಕ್ಕೆ ಹೋಗಿ, ಬೇಕಾದ ಪುಸ್ತಕ ಹುಡುಕಿದ್ದಾರೆ. ಯಾರ ಸಹಾಯವೂ ಇಲ್ಲದೆ. ಆದರೆ ಪುಸ್ತಕದ ಎದುರು ‘ಹೊರಗೆ ಹೋಗಿದೆ’ ಅಂತ ಉಂಟಂತೆ, ಒಂದೂವರೆ ವರ್ಷದಿಂದ. ‘ಕೊಂಡು ಹೋದವರು ಯಾರು, ಅವರ ಹೆಸರಿಗೊಂದು ಲಿಂಕ್ ಹಾಕು’ ಅಂತ ಈಗ ನನಗೆ ಹೊಸ ಬೈಗುಳ.

ಮುಳ್ಳೇರಿಯ ಮಾಷ್ಟ್ರು · 10:31

ಆ ಪುಸ್ತಕ ನನ್ನಲ್ಲಿ ಉಂಟು. ಅರ್ಥಗಾರಿಕೆಗೆ ಬೇಕಾಗಿತ್ತು. ಬುಧವಾರ ತಂದು ಕೊಡುತ್ತೇನೆ. ಲಿಂಕ್ ಹಾಕಬೇಡ.